ಬೆನ್ನು ನೋವಿಗೆ ಆಸ್ಟಿಯೋಪತಿ: ಫೋನ್ ಮಾಡುವ ಮುಂಚಿನಿಂದ ಕೊನೇ ಸಿಟ್ಟಿಂಗ್‌ವರೆಗೆ ಯಾವಾಗ ಏನು ಕೇಳಬೇಕು

ಸೊಂಟ ಹಿಡಿದುಕೊಂಡ ಎರಡನೇ ದಿನಕ್ಕೇ ಫೋನಿಗೆ ವಿಡಿಯೋಗಳು ಬರತೊಡಗುತ್ತವೆ. ಟೇಬಲ್ ಮೇಲೆ ಮಲಗಿದವರ ಸೊಂಟವನ್ನು ಯಾರೋ ತಿರುಗಿಸಿ ಟಕ್ ಅನ್ನಿಸುತ್ತಾರೆ. ಮಲಗಿದವರು ನಗುತ್ತಾ ಎದ್ದು ನಡೆಯುತ್ತಾರೆ. ಅದನ್ನು ನೋಡಿ ನಾವೂ ಹತ್ತಿರದ ಕ್ಲಿನಿಕ್‌ಗೆ ಫೋನ್ ಮಾಡುತ್ತೇವೆ. ಕೇಳುವುದು ಒಂದೇ ಪ್ರಶ್ನೆ: ಒಂದು ಸಿಟ್ಟಿಂಗ್‌ಗೆ ಎಷ್ಟು?

ಉಳಿದ ಪ್ರಶ್ನೆಗಳು ಬೋರಲಾಗಿ ಮಲಗಿದ ಮೇಲೆ ನೆನಪಾಗುತ್ತವೆ. ಇವರು ಏನು ಓದಿದ್ದಾರೆ? ಬಿಪಿ ಮಾತ್ರೆ ವಿಷಯ ಹೇಳಬೇಕಿತ್ತಾ? ಕುತ್ತಿಗೇನೂ ತಿರುಗಿಸ್ತಾರಾ? ಆ ಹೊತ್ತಿಗೆ ಕೇಳೋಕೆ ಸಂಕೋಚ. ಓದುಗರು ನನಗೆ ಪದೇ ಪದೇ ಬರೆದು ಕೇಳುವುದೂ ಇವನ್ನೇ, ಅದೂ ಚಿಕಿತ್ಸೆ ಎಲ್ಲ ಮುಗಿದ ಮೇಲೆ. ಅದಕ್ಕೇ ಇಲ್ಲಿ ಪ್ರಶ್ನೆಗಳನ್ನು ಹೊತ್ತಿಗೆ ತಕ್ಕಂತೆ ಜೋಡಿಸಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಮೊದಲು ಮಾಡಿದರೆ ಒಂದನೆಯದಕ್ಕೆ ಅರ್ಥವಿರುವುದಿಲ್ಲ.

ಆಸ್ಟಿಯೋಪತಿ ಅಂದರೆ ಕೈಯಿಂದ ಮಾಡುವ ಚಿಕಿತ್ಸೆ. ಸ್ನಾಯು ಒತ್ತುವುದು, ಎಳೆಯುವುದು, ಕೀಲುಗಳನ್ನು ನಿಧಾನವಾಗಿ ಆಡಿಸುವುದು, ಕೆಲವೊಮ್ಮೆ ಒಂದು ಚುರುಕಾದ ತಳ್ಳು. ಬೆನ್ನು, ಕುತ್ತಿಗೆ, ಭುಜದ ನೋವಿಗೆ ಜನ ಹೋಗುವುದು ಜಾಸ್ತಿ. ಇಲ್ಲಿ ನಾನು ಉದಾಹರಣೆಗೆ ಹಿಡಿದಿರುವುದು ಬೆನ್ನು ನೋವನ್ನು.

ಏನೇನು ಬೇಕು

ಒಂದು ಹಾಳೆ, ಪೆನ್ನು. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಇಲ್ಲವೇ ಅವುಗಳ ಫೋಟೋ. ಹಳೆಯ ಎಕ್ಸ್‌ರೇ, ಎಂಆರ್‌ಐ ಇದ್ದರೆ ಅವು. ಇಲ್ಲದಿದ್ದರೆ ಇದಕ್ಕೆಂದೇ ಹೊಸದಾಗಿ ಮಾಡಿಸಲು ಓಡಬೇಡಿ. ಸಡಿಲವಾದ ಪ್ಯಾಂಟ್, ಟೀ ಶರ್ಟ್. ಸೀರೆ ಉಡುವವರು ಒಂದು ಚೂಡಿದಾರ್ ಅಥವಾ ಟ್ರ್ಯಾಕ್ ಪ್ಯಾಂಟ್ ಜೊತೆಗಿಟ್ಟುಕೊಂಡರೆ ಒಳ್ಳೆಯದು. ಮೊದಲ ಸಲ ಮನೆಯವರೊಬ್ಬರು ಜೊತೆಗಿರಲಿ.

ಹಂತ 1: ಇದು ಕೈಚಿಕಿತ್ಸೆಗೆ ಹೋಗಬೇಕಾದ ನೋವೇ?

ಎಲ್ಲಕ್ಕಿಂತ ಹೆಚ್ಚು ಜನ ಹಾರಿಸಿಬಿಡುವ ಹಂತ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಬಹುಪಾಲು ಬೆನ್ನು ನೋವು ಅಪಾಯದ್ದಲ್ಲ. ಹೊಸದಾಗಿ ಬಂದದ್ದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದರೆ ಕೆಲವು ನೋವುಗಳಿಗೆ ಕೈ ಹಾಕಲೇಬಾರದು. ಅವನ್ನು ಗುರುತಿಸುವುದಕ್ಕೆ ಯಂತ್ರ ಬೇಡ, ನಿಮಗೆ ನೀವೇ ಕೇಳಿಕೊಂಡರೆ ಸಾಕು.

ಮೊದಲನೆಯದು ತುರ್ತಿನದು. ಕೂತಾಗ ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದೆಯೇ? ಮೂತ್ರ ಬರುತ್ತಿಲ್ಲವೇ, ಅಥವಾ ಗೊತ್ತಾಗದೇ ಹೋಗುತ್ತಿದೆಯೇ? ಮಲದ ಮೇಲೆ ಹಿಡಿತ ತಪ್ಪಿದೆಯೇ? ಎರಡೂ ಕಾಲಿಗೆ ನೋವು ಇಳಿದು ಬಲ ಕಡಿಮೆಯಾಗುತ್ತಿದೆಯೇ? ಇದರಲ್ಲಿ ಒಂದಿದ್ದರೂ ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಿರಬಹುದು. ಆಗ ಆಸ್ಟಿಯೋಪತಿ, ಮಸಾಜ್, ಎಣ್ಣೆ ಯಾವುದೂ ಬೇಡ. ಅದೇ ದಿನ, ಅದೇ ಗಂಟೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು. ತಡವಾದಷ್ಟೂ ಹಿಡಿತ ಮರಳುವ ಸಾಧ್ಯತೆ ಕಡಿಮೆ.

ಎರಡನೆಯದು ತುರ್ತಲ್ಲದಿದ್ದರೂ ಡಾಕ್ಟರ್ ನೋಡಲೇಬೇಕಾದದ್ದು. ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಜೊತೆಗೆ ಬೆನ್ನು ನೋವು. ನಮ್ಮ ದೇಶದಲ್ಲಿ ಇದನ್ನು ಕೇಳಿದ ಕೂಡಲೇ ಬೆನ್ನುಮೂಳೆಯ ಟಿಬಿ ನೆನಪಾಗಬೇಕು. ಟಿಬಿ ಅಂದರೆ ಕೆಮ್ಮು ಅಂದುಕೊಂಡವರೇ ಜಾಸ್ತಿ. ಬೆನ್ನುಮೂಳೆಗೆ ಬಂದಾಗ ಕೆಮ್ಮು ಇರಲೇಬೇಕೆಂದಿಲ್ಲ. ಸೋಂಕಿನಿಂದ ಮೆತ್ತಗಾದ ಮೂಳೆಯನ್ನು ತಿರುಗಿಸಿ ಒತ್ತಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ತಗೊಂಡವರು, ಬಿದ್ದ ಮೇಲೆ ಅಥವಾ ಅಪಘಾತದ ನಂತರ ನೋವು ಶುರುವಾದವರು, ಮಲಗಿದರೂ ಕಡಿಮೆಯಾಗದೆ ರಾತ್ರಿಯಿಡೀ ಕಾಡುವ ನೋವಿರುವವರು ಕೂಡ ಈ ಗುಂಪಿಗೆ ಸೇರುತ್ತಾರೆ. ಮುಟ್ಟು ನಿಂತ ಹೆಂಗಸರಲ್ಲಿ ಸುಮ್ನೆ ಬಗ್ಗಿ ಬಕೆಟ್ ಎತ್ತಿದ ಮೇಲೆ ಬಂದ ತೀವ್ರ ನೋವೂ ಅಷ್ಟೇ. ಮೂಳೆ ಟೊಳ್ಳಾಗಿದ್ದರೆ ಅಷ್ಟಕ್ಕೇ ಬಿರುಕು ಬಿಡಬಹುದು.

ಮೂರನೆಯದು ವರ್ಷಗಟ್ಟಲೆ ಮೋಸ ಮಾಡುವಂಥದ್ದು. 45 ವರ್ಷದೊಳಗೆ ಶುರುವಾದ ನೋವು, ಮೂರು ತಿಂಗಳಿಗಿಂತ ಹೆಚ್ಚಾಗಿದೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ. ಮಲಗಿದರೆ ಹೆಚ್ಚು, ಓಡಾಡಿದರೆ ಕಡಿಮೆ. ಇದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ ಇರಬಹುದು. ಮೈ ಒತ್ತಿಸಿಕೊಂಡಾಗ ತಾತ್ಕಾಲಿಕ ಹಗುರ ಸಿಗುತ್ತದೆ. ಆ ಹಗುರಕ್ಕೆ ಮರುಳಾಗಿ ಜನ ವರ್ಷಗಳನ್ನು ಕಳೆಯುತ್ತಾರೆ. ಇವರು ಹೋಗಬೇಕಾದದ್ದು ರುಮಟಾಲಜಿಸ್ಟ್, ಅಂದರೆ ಸಂಧಿವಾತ, ಕೀಲುಗಳ ಉರಿಯೂತ ನೋಡುವ ತಜ್ಞರ ಹತ್ತಿರ.

ಇನ್ನು ಪಕ್ಕೆಯಿಂದ ಶುರುವಾಗಿ ತೊಡೆಸಂದಿಗೆ ಇಳಿಯುವ, ಯಾವ ಕಡೆ ಹೊರಳಿದರೂ ನೆಮ್ಮದಿ ಕೊಡದ ನೋವು ಕಿಡ್ನಿ ಕಲ್ಲಿನದಿರಬಹುದು. ಎಡ ಭುಜ, ದವಡೆ, ಎದೆ ನೋವಿನ ಜೊತೆ ಬೆವರು ಬಂದರೆ ಅದು ಹೃದಯದ್ದಿರಬಹುದು. 'ಭುಜ ಹಿಡ್ಕೊಂಡಿದೆ' ಅಂತ ಒತ್ತಿಸಿಕೊಳ್ಳಲು ಹೋಗಬೇಡಿ.

ಈ ಯಾವುದೂ ಇಲ್ಲವೇ? ಹಾಗಾದರೆ ಮುಂದಿನ ಹಂತ.

ಹಂತ 2: ಯಾರ ಹತ್ತಿರ ಹೋಗುತ್ತಿದ್ದೀರಿ ಅಂತ ನೋಡಿಕೊಳ್ಳಿ

ಆಸ್ಟಿಯೋಪತ್ ಅಂದರೆ ಮೂಳೆ ಡಾಕ್ಟರಾ ಅಂತ ಬಹಳ ಜನ ಕೇಳುತ್ತಾರೆ. ಅಲ್ಲ. ನಾವು ಆರ್ಥೋ ಡಾಕ್ಟರ್ ಅನ್ನುವವರು ಎಂಬಿಬಿಎಸ್ ಆದ ಮೇಲೆ ಮೂಳೆ ಚಿಕಿತ್ಸೆಯಲ್ಲಿ ಎಂಎಸ್, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರು. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ನಮ್ಮಲ್ಲಿ ಆಸ್ಟಿಯೋಪತಿ ಮಾಡುವವರು ಸಾಮಾನ್ಯವಾಗಿ ಫಿಸಿಯೋಥೆರಪಿ ಓದಿ, ಅದರ ಮೇಲೆ ಆಸ್ಟಿಯೋಪತಿ ಕೋರ್ಸ್ ಮಾಡಿದವರು. ವಿದೇಶದಲ್ಲಿ ಆಸ್ಟಿಯೋಪತಿಯನ್ನೇ ಓದಿ ಬಂದವರೂ ಅಲ್ಲಲ್ಲಿ ಇದ್ದಾರೆ. ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. ಹುಷಾರಾಗಿರಬೇಕಾದದ್ದು ಈ ಕೊನೆಯವರ ವಿಷಯದಲ್ಲಿ.

ಒಂದು ಅಳತೆಗೋಲು ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಆಸ್ಟಿಯೋಪತಿ ತರಬೇತಿಗೆ ಮಾನದಂಡ ಪ್ರಕಟಿಸಿತು. ಹೊಸದಾಗಿ ಈ ವೃತ್ತಿಗೆ ಬರುವವರಿಗೆ ಅದು ಹೇಳುವುದು 4,200 ಗಂಟೆಗಳ ಓದು. ಅದರಲ್ಲಿ ಕನಿಷ್ಠ 1,000 ಗಂಟೆ ಹಿರಿಯರ ಕಣ್ಣೆದುರು ರೋಗಿಗಳನ್ನು ನೋಡಿ ಕಲಿಯಬೇಕು. ಈಗಾಗಲೇ ಆರೋಗ್ಯ ವೃತ್ತಿಯಲ್ಲಿರುವವರಿಗೆ ಇನ್ನೂ ಚಿಕ್ಕ ದಾರಿ ಇದೆ. ಆದರೂ ಎರಡು ಶನಿವಾರ, ಎರಡು ಭಾನುವಾರ ಯಾವ ಲೆಕ್ಕಕ್ಕೂ ಸಾಲದು.

ನಮ್ಮಲ್ಲಿ ಫಿಸಿಯೋ ಪದವಿ, ಅಂದರೆ ಬಿಪಿಟಿ, ಇಷ್ಟು ವರ್ಷ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ್ದಾಗಿತ್ತು. ಹಾಗಾಗಿ ಮೊದಲ ಪ್ರಶ್ನೆ, 'ನಿಮ್ಮ ಮೂಲ ಪದವಿ ಯಾವುದು?' ಎರಡನೆಯದು, 'ಆಸ್ಟಿಯೋಪತಿ ಕೋರ್ಸ್ ಎಷ್ಟು ವರ್ಷದ್ದು, ರೋಗಿಗಳ ಮೇಲೆ ಅಭ್ಯಾಸ ಎಲ್ಲಿ ಆಯಿತು?' ಓದಿದವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಅದೂ ಒಂದು ಉತ್ತರವೇ. ಹೆಸರಿನ ಹಿಂದೆ ಡಾ. ಇದೆ ಅನ್ನೋದು ಸಾಲದು.

ಹೆಸರಿನ ಮುಂದೆ ಡಿಒ (ಆಸ್ಟಿಯೋಪತಿ ಓದಿದವರು ಹಾಕಿಕೊಳ್ಳುವ ಎರಡಕ್ಷರ) ಅಂತ ಇದ್ದರೆ ಅದು ಯಾವ ದೇಶದ್ದು, ಪದವಿಯೋ ಡಿಪ್ಲೊಮಾವೋ ಅಂತಲೂ ಕೇಳಲೇಬೇಕು. ಅಮೆರಿಕದಲ್ಲಿ ಡಿಒ ಅಂದರೆ ಪೂರ್ಣ ಪ್ರಮಾಣದ ವೈದ್ಯರು. ಎಂಡಿಗಳ ಹಾಗೆಯೇ ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಅವರಲ್ಲಿ ಬಹಳ ಮಂದಿ ಕೈಚಿಕಿತ್ಸೆ ಮಾಡುವುದೇ ಇಲ್ಲ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ಅಮ್ಮಂದಿರು ಕ್ಲಿನಿಕ್ ಬೋರ್ಡ್‌ನಲ್ಲಿ ಡಿಒ ನೋಡಿ ಗಾಬರಿಯಾಗಬೇಕಿಲ್ಲ. ಬೇರೆ ಕಡೆ ಅದೇ ಎರಡಕ್ಷರ ಒಂದು ಡಿಪ್ಲೊಮಾ ಇರಬಹುದು.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಈ ಹಂತ ಸುಲಭ. ಅಲ್ಲಿ 1993ರ ಕಾಯ್ದೆಯ ಪ್ರಕಾರ ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಆಸ್ಟಿಯೋಪತ್ ಅಂತ ಹೇಳಿಕೊಳ್ಳುವುದೇ ಅಪರಾಧ. ಕೌನ್ಸಿಲ್‌ನ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೆ ಅಲ್ಲಿ ಆಸ್ಟಿಯೋಪತ್ ವೈದ್ಯರಲ್ಲ, ಮಾತ್ರೆ ಬರೆಯುವುದಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸಿಗುವುದು ಅಪರೂಪ, ಹೆಚ್ಚಿನವರು ಕೈಯಿಂದ ದುಡ್ಡು ಕೊಟ್ಟೇ ಹೋಗುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲೂ ಹೀಗೇ ನೋಂದಣಿ ಕಡ್ಡಾಯ.

ಹಂತ 3: ಫೋನ್‌ನಲ್ಲೇ ಮುಗಿಸಬೇಕಾದ ಪ್ರಶ್ನೆಗಳು

ಬೆಲೆ ಕೇಳುವುದು ತಪ್ಪಲ್ಲ. ಜೊತೆಗೆ ಇನ್ನು ಮೂರು ಕೇಳಿ. ಮೊದಲ ಭೇಟಿ ಎಷ್ಟು ಹೊತ್ತು? ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಅಂದರೆ ಸರಿ. ಹತ್ತೇ ನಿಮಿಷ ಅಂದರೆ ನಿಮ್ಮ ಮಾತು ಕೇಳುವವರಿಲ್ಲ ಅಂತ ಅರ್ಥ. ಜೊತೆಗೆ ಬಂದವರು ಒಳಗೆ ಕೂರಬಹುದಾ? ಹೌದು ಅನ್ನಲೇಬೇಕು. ಮುಂಚಿತವಾಗಿ ಪ್ಯಾಕೇಜ್ ತಗೊಳ್ಳಬೇಕಾ? ನಿಮ್ಮ ಬೆನ್ನನ್ನು ನೋಡುವ ಮೊದಲೇ ಹತ್ತೋ ಇಪ್ಪತ್ತೋ ಸಿಟ್ಟಿಂಗ್ ಬೇಕು ಅಂದವರ ನಂಬರ್ ಡಿಲೀಟ್ ಮಾಡಿ.

ಹೆಂಗಸರು ಚಿಕಿತ್ಸೆ ಕೊಡುವವರೂ ಹೆಂಗಸರೇ ಇರಲಿ ಅಂತ ಬಯಸಿದರೆ ಅದನ್ನೂ ಫೋನ್‌ನಲ್ಲೇ ಹೇಳಿಬಿಡಿ. ಅಲ್ಲಿ ಹೋಗಿ ಹೇಳುವುದು ಕಷ್ಟ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ನಮ್ಮ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ ಇರುವಂಥವು. ಹೊರರೋಗಿ ಚಿಕಿತ್ಸೆಗೆ ಬೇರೆ ಸೌಲಭ್ಯ ಇಲ್ಲದಿದ್ದರೆ ಈ ದುಡ್ಡು ನಿಮ್ಮ ಜೇಬಿನದು.

ಹಂತ 4: ಒಂದು ಹಾಳೆ ಬರೆದುಕೊಳ್ಳಿ

ಹಿಂದಿನ ರಾತ್ರಿ ಕೂತು ಬರೆದರೆ ಹತ್ತು ನಿಮಿಷದ ಕೆಲಸ.

ಮೇಲ್ಗಡೆ ಮಾತ್ರೆಗಳು. ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ. ಸ್ಟೆಂಟ್ ಹಾಕಿಸಿಕೊಂಡವರು, ಹೃದಯದ ವಾಲ್ವ್ ಬದಲಾಯಿಸಿಕೊಂಡವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಇದನ್ನು ತಗೊಳ್ಳುತ್ತಿರುತ್ತಾರೆ. 'ಅದು ಹಾರ್ಟ್‌ದು, ಬೆನ್ನಿಗೂ ಅದಕ್ಕೂ ಏನು ಸಂಬಂಧ' ಅಂತ ಬಿಟ್ಟುಬಿಡುತ್ತಾರೆ. ಸಂಬಂಧ ಇದೆ. ಜೋರಾಗಿ ಒತ್ತಿದರೆ, ತಳ್ಳಿದರೆ ಒಳಗೆ ರಕ್ತಸ್ರಾವ ಆಗಬಹುದು. ಹಾಗಂತ ಸಿಟ್ಟಿಂಗ್‌ಗಾಗಿ ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದು ಇನ್ನೂ ದೊಡ್ಡ ಅಪಾಯ.

ಆಮೇಲೆ ಕಾಯಿಲೆಗಳು: ಮೂಳೆ ಟೊಳ್ಳಾಗಿರುವುದು, ರುಮಟಾಯ್ಡ್ ಸಂಧಿವಾತ, ಹಿಂದಿನ ಆಪರೇಷನ್, ಮೂಳೆ ಮುರಿತ, ಪಾರ್ಶ್ವವಾಯು, ಕ್ಯಾನ್ಸರ್. ರುಮಟಾಯ್ಡ್ ಇರುವವರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಾಗಿರಬಹುದು. ಅಂಥವರ ಕುತ್ತಿಗೆಗೆ ಜೋರು ತಿರುವು ಕೊಡಲೇಬಾರದು. ಗರ್ಭಿಣಿಯಾಗಿದ್ದರೆ, ಇರಬಹುದು ಅನ್ನಿಸಿದರೂ ಬರೆಯಿರಿ.

ಕೊನೆಗೆ ನೋವಿನ ಕಥೆ. ಯಾವಾಗ ಶುರು, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ. ಅದರ ಕೆಳಗೆ ನೋವಿನಿಂದ ನೀವು ಮಾಡಲಾಗದ ಮೂರು ಕೆಲಸ ಬರೆಯಿರಿ. ನೆಲದ ಮೇಲೆ ಕೂತು ಊಟ ಮಾಡುವುದು, ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗುವುದು, ಮಗುವನ್ನು ಎತ್ತಿಕೊಳ್ಳುವುದು, ಹೀಗೆ ನಿಮ್ಮದೇ ಮೂರು. ಪ್ರತಿಯೊಂದಕ್ಕೂ 0ರಿಂದ 10ರೊಳಗೆ ಅಂಕ ಕೊಡಿ. ಮಾಡಲೇ ಆಗುವುದಿಲ್ಲ ಅಂದರೆ 0, ಮುಂಚಿನ ಹಾಗೇ ಮಾಡಬಲ್ಲೆ ಅಂದರೆ 10. ತಾರೀಖು ಹಾಕಿ ಮಡಚಿಡಿ. ಎಂಟನೇ ಹಂತದಲ್ಲಿ ಇದರ ಕೆಲಸ ಇದೆ.

ಹಂತ 5: ಕೈ ಹಾಕುವ ಮುನ್ನ

ಒಳಗೆ ಹೋದ ಕೂಡಲೇ 'ಮಲಗಿ' ಅಂದರೆ ಮಲಗಬೇಡಿ. ಕೂತೇ ಹಾಳೆ ಕೊಡಿ.

ಸರಿಯಾಗಿ ಕಲಿತವರು ಮೊದಲು ಪ್ರಶ್ನೆ ಕೇಳುತ್ತಾರೆ. ಹಂತ 1ರಲ್ಲಿ ಬರೆದ ಪ್ರಶ್ನೆಗಳನ್ನು ಅವರೂ ಕೇಳಬೇಕು. ಮೂತ್ರದ ಬಗ್ಗೆ, ತೂಕದ ಬಗ್ಗೆ ಕೇಳಿದರೆ ಸಂಕೋಚ ಪಡಬೇಡಿ. ಕೇಳದಿದ್ದರೆ ಅನುಮಾನಿಸಿ. ಆಮೇಲೆ ನಿಲ್ಲಿಸಿ, ಬಗ್ಗಿಸಿ, ನಡೆಸಿ ನೋಡುತ್ತಾರೆ. ಕಾಲಿಗೆ ನೋವು ಇಳಿಯುತ್ತಿದ್ದರೆ ಕಾಲಿನ ಬಲ, ಸ್ಪರ್ಶ, ಮಂಡಿಗೆ ತಟ್ಟಿ ಪ್ರತಿಕ್ರಿಯೆ ನೋಡಬೇಕು. ಬೆನ್ನು ಕಾಣುವಂತೆ ಬಟ್ಟೆ ಸರಿಸಲು ಕೇಳಬಹುದು. ಎಷ್ಟು ಸರಿಸಬೇಕು ಅನ್ನುವುದು ನಿಮ್ಮ ನಿರ್ಧಾರ. ಟವೆಲ್ ಕೇಳಿ, ಕೊಡುತ್ತಾರೆ. ಬಟ್ಟೆ ಬದಲಾಯಿಸುವಾಗ ಅವರು ಹೊರಗಿರಬೇಕು.

ಈಗ ನಿಮ್ಮ ಪ್ರಶ್ನೆಗಳ ಸರದಿ. ನಾಲ್ಕು ಸಾಕು. ನಿಮಗೆ ಏನು ಕಂಡಿತು? ಏನು ಮಾಡಬೇಕೆಂದಿದ್ದೀರಿ? ಅದರಿಂದ ಏನು ತೊಂದರೆ ಆಗಬಹುದು? ಅದನ್ನು ಮಾಡದಿದ್ದರೆ ಬೇರೆ ದಾರಿ ಏನು? ಇವಕ್ಕೆ ಅರ್ಥವಾಗುವ ಕನ್ನಡದಲ್ಲೋ ನಿಮಗೆ ಬರುವ ಭಾಷೆಯಲ್ಲೋ ಉತ್ತರ ಸಿಕ್ಕಿ, ನೀವು 'ಆಯ್ತು' ಅಂದ ಮೇಲೆ ಚಿಕಿತ್ಸೆ ಶುರುವಾಗಬೇಕು.

ಇಲ್ಲಿ ಸಿಗಬಹುದಾದ ಒಂದು ಉತ್ತರಕ್ಕೆ ಬೆಚ್ಚಬೇಡಿ. ಎಂಆರ್‌ಐ ನೋಡಿ 'ಡಿಸ್ಕ್ ಬಲ್ಜ್ ಆಗಿದೆ, ಬೇಗ ಸರಿ ಮಾಡದಿದ್ದರೆ ಕಷ್ಟ' ಅನ್ನುವವರು ಇದ್ದಾರೆ. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಬಲ್ಜ್ ಅಂದರೆ ಅದು ಉಬ್ಬುವುದು. ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ, 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ 20ರ ವಯಸ್ಸಿನವರಲ್ಲೇ ಸುಮಾರು ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿನವರಲ್ಲಿ ಅದು ಶೇ. 84. ಇವರ್‍ಯಾರಿಗೂ ಬೆನ್ನು ನೋವಿರಲಿಲ್ಲ. ಹಾಗಾಗಿ ರಿಪೋರ್ಟ್‌ನಲ್ಲಿ ಬಲ್ಜ್ ಇದೆ ಅಂದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಅಂತಲ್ಲ. ಕೈಯಿಂದ ಒತ್ತಿ ಅದನ್ನು ಒಳಗೆ ಕಳಿಸಲೂ ಆಗುವುದಿಲ್ಲ.

ಹಂತ 6: ಟೇಬಲ್ ಮೇಲೆ

ಹೆಚ್ಚಿನ ಹೊತ್ತು ನಡೆಯುವುದು ಸ್ನಾಯು ಒತ್ತುವುದು, ಕೀಲು ಆಡಿಸುವುದು. 'ನನ್ನ ಕೈಗೆ ಎದುರಾಗಿ ಒತ್ತಿ, ಈಗ ಬಿಡಿ' ಅನ್ನುತ್ತಾ ಮಾಡುವ ವಿಧಾನವೂ ಇದೆ. ಇವು ಹಿತವಾಗಿರುತ್ತವೆ. ಬಿಗಿ ಇರುವ ಕಡೆ ಸ್ವಲ್ಪ ನೋಯಬಹುದು. ಹಲ್ಲು ಕಚ್ಚಿ ತಡೆಯುವಷ್ಟು ನೋವು ಬಂದರೆ ಹೇಳಿ. ನೋವು ತಡೆದುಕೊಂಡಷ್ಟೂ ಗುಣ ಅನ್ನುವುದು ಸುಳ್ಳು.

ಆ ಟಕ್ ಸದ್ದಿನ ವಿಷಯ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ದಿಢೀರ್ ಕಡಿಮೆಯಾದಾಗ ಅನಿಲದ ಗುಳ್ಳೆಯಿಂದ ಬರುವ ಸದ್ದು ಅದು. ಬೆರಳು ನಟಿಕೆ ತೆಗೆದಾಗ ಬರುವುದೂ ಅದೇ. ಜಾರಿದ ಮೂಳೆ ತನ್ನ ಜಾಗಕ್ಕೆ ಬಂತು ಅಂತ ಅಲ್ಲ. ಬೆನ್ನುಮೂಳೆಯ ಕೀಲು ನಿಜಕ್ಕೂ ಪೂರ್ತಿ ತಪ್ಪಿದ್ದರೆ ನೀವು ಇರಬೇಕಾದದ್ದು ಆಸ್ಪತ್ರೆಯಲ್ಲಿ. ಸದ್ದು ಬಂದರೂ ನೋವು ಉಳಿಯಬಹುದು, ಬರದೆಯೂ ಹೋಗಬಹುದು. 'ಇವತ್ತು ಸೌಂಡೇ ಬರ್ಲಿಲ್ಲ, ಇನ್ನೊಂದ್ಸಲ ಮಾಡಿ' ಅಂತ ಒತ್ತಾಯಿಸುವ ರೋಗಿಗಳೇ ಎಷ್ಟೋ ಸಲ ತಮ್ಮ ಬೆನ್ನಿಗೆ ತಾವೇ ಶತ್ರುಗಳು. ನಮ್ಮ ಹಳ್ಳಿಗಳಲ್ಲಿ ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತೆ ಅನ್ನುವ ನಂಬಿಕೆ ಇದೆಯಲ್ಲ, ಒಂದೇ ಏಟಿಗೆ ಗುಣವಾಗುವ ಆಸೆ ನಮಗೆ ಹೊಸದೇನಲ್ಲ ಬಿಡಿ.

ಕುತ್ತಿಗೆಯ ವಿಷಯಕ್ಕೆ ಬಂದರೆ ನನ್ನ ನಿಲುವು ಸ್ಪಷ್ಟ. ಕುತ್ತಿಗೆಗೆ ದಿಢೀರ್ ತಿರುವು ಬೇಡ ಅಂತ ಮೊದಲೇ ಹೇಳಿ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಳೆಗಳ ಮೂಲಕವೂ ಪಕ್ಕದಲ್ಲೂ ಹಾದುಹೋಗುತ್ತವೆ. ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಇದು ಬಹಳ ಅಪರೂಪ. ಕೆಲವರಲ್ಲಿ ನಾಳ ಮುಂಚೆಯೇ ಹರಿದಿದ್ದು, ಆ ನೋವಿಗೇ ಚಿಕಿತ್ಸೆಗೆ ಬಂದಿರುತ್ತಾರೆ ಅನ್ನುವುದೂ ನಿಜ. ಆದರೆ ಆದಾಗ ಆಗುವ ನಷ್ಟ ದೊಡ್ಡದು, ಮತ್ತು ಮೃದುವಾದ ಬೇರೆ ವಿಧಾನಗಳು ಇವೆ. ಬೇಡ ಅಂದರೆ ಒಳ್ಳೆಯ ಆಸ್ಟಿಯೋಪತ್ ಅವನ್ನೇ ಬಳಸುತ್ತಾರೆ. ಕಟಿಂಗ್ ಶಾಪ್‌ನಲ್ಲಿ ತಲೆ ಮಸಾಜ್ ಮಾಡಿ ಫ್ರೀಯಾಗಿ ಕುತ್ತಿಗೆ ತಿರುಗಿಸುವುದಕ್ಕಂತೂ ಕಡ್ಡಾಯವಾಗಿ ಬೇಡ ಅನ್ನಿ.

ತಲೆಬುರುಡೆಯನ್ನು ಹಗುರವಾಗಿ ಹಿಡಿದು ಮಾಡುವ ಕ್ರೇನಿಯಲ್ ವಿಧಾನವೂ ಇದೆ. ಹಿತ ಅನ್ನಿಸಬಹುದು. ಅದರಿಂದ ಕಾಯಿಲೆ ಗುಣವಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡುವವರು ಇದನ್ನು ಬಿಡಬಹುದು.

ಒಂದು ಸನ್ನೆ ಮೊದಲೇ ಮಾತಾಡಿಕೊಳ್ಳಿ. ಕೈ ಎತ್ತಿದರೆ ನಿಲ್ಲಿಸಬೇಕು. ಮಧ್ಯದಲ್ಲಿ ಒಪ್ಪಿಗೆ ವಾಪಸ್ ತಗೊಳ್ಳುವ ಹಕ್ಕು ನಿಮಗಿದೆ.

ಹಂತ 7: ಮನೆಗೆ ಬಂದ ಮೇಲೆ ಮೊದಲ 48 ಗಂಟೆ

'ನಿನ್ನೆ ಹೋಗಿ ಬಂದೆ, ಇವತ್ತು ಮೈಕೈ ನೋವು, ಹಾಳು ಮಾಡಿದ್ರಾ?' ಇದು ಬಹಳ ಜನ ಕೇಳುವ ಪ್ರಶ್ನೆ. ಮುಟ್ಟಿದ ಜಾಗದಲ್ಲಿ ನೋವು, ಬಿಗಿತ, ಸುಸ್ತು, ಸಣ್ಣ ತಲೆನೋವು ಬರುವುದು ಸಾಮಾನ್ಯ. ಒಂದೆರಡು ದಿನದಲ್ಲಿ ಹೋಗುತ್ತದೆ. ಬಿಸಿನೀರಿನ ಸ್ನಾನ ಮಾಡಿ, ಮನೆಯಲ್ಲೇ ಓಡಾಡಿಕೊಂಡಿರಿ. ಆ ದಿನ ಜಿಮ್, ಭಾರ ಎತ್ತುವುದು, ದೂರದ ಬಸ್ ಪ್ರಯಾಣ ಬೇಡ. ಹಾಸಿಗೆ ಹಿಡಿದು ಮಲಗುವುದೂ ಬೇಡ. ಮಲಗಿದಷ್ಟೂ ಬೆನ್ನು ಬಿಗಿಯಾಗುತ್ತದೆ.

ಆದರೆ ಇವು ಬಂದರೆ ಕಾಯಬೇಡಿ: ಹಿಂದೆಂದೂ ಬರದಂಥ ಜೋರು ಕುತ್ತಿಗೆ ನೋವು ಅಥವಾ ತಲೆನೋವು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಬಲ ಕಳೆದುಕೊಳ್ಳುವುದು, ನಡೆಯುವಾಗ ತೂರಾಡುವುದು, ನುಂಗಲು ಕಷ್ಟವಾಗುವುದು. ಇವು ತಕ್ಷಣ ಕಾಣಬಹುದು, ಕೆಲವು ದಿನ ಬಿಟ್ಟೂ ಬರಬಹುದು. ಕ್ಲಿನಿಕ್‌ಗೆ ಫೋನ್ ಮಾಡಿ 'ಹೀಗಾಗ್ತಿದೆ, ಏನ್ ಮಾಡ್ಲಿ' ಅಂತ ಕೇಳುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಪಾರ್ಶ್ವವಾಯು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಕುತ್ತಿಗೆಗೆ ಚಿಕಿತ್ಸೆ ಆಗಿತ್ತು ಅನ್ನುವುದನ್ನು ಅಲ್ಲಿನ ಡಾಕ್ಟರಿಗೆ ಮರೆಯದೆ ಹೇಳಿ.

ಹಂತ 1ರ ಮೂತ್ರ, ಮಲ, ಮರಗಟ್ಟುವಿಕೆಯ ಲಕ್ಷಣಗಳು ಹೊಸದಾಗಿ ಕಂಡರೂ ಅಷ್ಟೇ, ನೇರ ಎಮರ್ಜೆನ್ಸಿ. ಕಾಲಿಗೆ ಇಳಿಯುವ ನೋವು ಚಿಕಿತ್ಸೆಯ ನಂತರ ಇನ್ನೂ ಕೆಳಗಿಳಿದರೆ, ಪಾದ ಎತ್ತಲು ಆಗದಿದ್ದರೆ ಮುಂದಿನ ಸಿಟ್ಟಿಂಗ್ ಬಿಟ್ಟು ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಹಂತ 8: ಎಷ್ಟು ಸಿಟ್ಟಿಂಗ್, ಯಾವಾಗ ನಿಲ್ಲಿಸಬೇಕು

ಇದು ನಿಜವಾಗಲೂ ಕೆಲಸ ಮಾಡುತ್ತಾ? ಬೆನ್ನು ನೋವಿಗೆ ಸ್ವಲ್ಪ ಮಟ್ಟಿಗೆ ಹೌದು, ಆದರೆ ಒಂಟಿಯಾಗಿ ಅಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಕೈಚಿಕಿತ್ಸೆಯನ್ನು ಪರಿಗಣಿಸಬಹುದು ಅನ್ನುತ್ತದೆ, ಆದರೆ ವ್ಯಾಯಾಮದ ಜೊತೆಗೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಬೆನ್ನುಮೂಳೆಯ ಕೈಚಿಕಿತ್ಸೆ, ಮಸಾಜ್ ಇವೆ. ಅವುಗಳ ಜೊತೆಗೇ ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಸಂಬಂಧಿಸಿದ ನೆರವು ಎಲ್ಲವೂ ಇವೆ. ಅಂದರೆ ಕೈಚಿಕಿತ್ಸೆ ನೋವಿಗೆ ಸ್ವಲ್ಪ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ನೀವು ಓಡಾಡಬೇಕು, ವ್ಯಾಯಾಮ ಮಾಡಬೇಕು. ಮನೆಯಲ್ಲಿ ಮಾಡಲು ಏನನ್ನೂ ಹೇಳಿಕೊಡದ ಕ್ಲಿನಿಕ್‌ಗೆ ಮೂರನೇ ಸಲ ಹೋಗುವುದರಲ್ಲಿ ಅರ್ಥವಿಲ್ಲ.

ಆಸ್ತಮಾ, ಬಿಪಿ, ಸಕ್ಕರೆ ಕಾಯಿಲೆ ಕೂಡ ವಾಸಿ ಮಾಡುತ್ತೇವೆ ಅಂದರೆ ನಂಬಬೇಡಿ. ಅದನ್ನು ನಂಬಿ ಮಾತ್ರೆ ಬಿಟ್ಟರಂತೂ ತೊಂದರೆ ಖಂಡಿತ.

ಈಗ ಮಡಚಿಟ್ಟ ಹಾಳೆ ತೆಗೆಯಿರಿ. ಪ್ರತಿ ಎರಡು ಸಿಟ್ಟಿಂಗ್‌ಗೊಮ್ಮೆ ಆ ಮೂರು ಕೆಲಸಗಳಿಗೆ ಮತ್ತೆ ಅಂಕ ಕೊಡಿ. 'ಇವತ್ತು ಹಗುರ ಅನ್ನಿಸ್ತು' ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒತ್ತಿಸಿಕೊಂಡ ದಿನ ಎಲ್ಲರಿಗೂ ಹಗುರ ಅನ್ನಿಸುತ್ತದೆ. ನೆಲದ ಮೇಲೆ ಕೂರುವುದು 2ರಿಂದ 5ಕ್ಕೆ ಬಂದು ವಾರದ ನಂತರವೂ 5ರಲ್ಲೇ ಇದೆಯಾ, ಅದು ಲೆಕ್ಕ. ನಾಲ್ಕರಿಂದ ಆರು ಸಿಟ್ಟಿಂಗ್ ಆದರೂ ಅಂಕಗಳು ಅಲ್ಲಾಡದಿದ್ದರೆ ನಿಲ್ಲಿಸಿ. ಏರುತ್ತಿದ್ದರೆ ಸಿಟ್ಟಿಂಗ್‌ಗಳ ನಡುವಿನ ಅಂತರ ಹೆಚ್ಚಿಸುತ್ತಾ ಹೋಗಿ. ಪೂರ್ತಿ ಸರಿಯಾದ ಮೇಲೆ 'ತಿಂಗಳಿಗೊಮ್ಮೆ ಬರ್ತಾ ಇರಿ, ಇಲ್ಲಾಂದ್ರೆ ಮತ್ತೆ ಬರುತ್ತೆ' ಅನ್ನುವ ಮಾತಿಗೆ ಹೆದರಬೇಕಿಲ್ಲ.

ಮೂರು ವಿಶೇಷ ಸಂದರ್ಭ

ಗರ್ಭಿಣಿಯರು: ಸೊಂಟ ನೋವಿಗೆ ಪಕ್ಕಕ್ಕೆ ಮಲಗಿಸಿ ಮೃದುವಾಗಿ ಮಾಡುವ ಚಿಕಿತ್ಸೆ ಸಾಧ್ಯ. ಮೊದಲು ನಿಮ್ಮ ಹೆರಿಗೆ ಡಾಕ್ಟರನ್ನು ಕೇಳಿ. ರಕ್ತಸ್ರಾವ, ನೀರು ಹೋಗುವುದು, ಬಿಟ್ಟು ಬಿಟ್ಟು ಬರುವ ನೋವು ಇದ್ದರೆ ಸೀದಾ ಆಸ್ಪತ್ರೆಗೆ ಹೋಗಿ.

ಹಸುಗೂಸುಗಳು: ಮಗು ಜಾಸ್ತಿ ಅಳುತ್ತದೆ ಅಂತ ಆಸ್ಟಿಯೋಪತ್ ಹತ್ತಿರ ಕರೆದೊಯ್ಯುವುದು ವಿದೇಶಗಳಲ್ಲಿ ರೂಢಿಯಲ್ಲಿದೆ. ಪ್ರಯೋಜನದ ಪುರಾವೆ ದುರ್ಬಲ. ಅಳುವ ಮಗುವನ್ನು ಮೊದಲು ನೋಡಬೇಕಾದವರು ಮಕ್ಕಳ ಡಾಕ್ಟರ್. ಮಗುವಿನ ಕುತ್ತಿಗೆ, ಬೆನ್ನಿಗೆ ತಳ್ಳು ಕೊಡಲು ಯಾರಿಗೂ ಬಿಡಬೇಡಿ.

ಅಜ್ಜ ಅಜ್ಜಿಯರು: ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆ ಆಗಿದೆಯೇ ಅಂತ ನೋಡಿ. ಡೆಕ್ಸಾ ಸ್ಕ್ಯಾನ್ ಅನ್ನುತ್ತಾರೆ. ಮೂಳೆ ಟೊಳ್ಳಾಗಿದ್ದರೆ ತಳ್ಳು ಬೇಡ, ಮೃದು ವಿಧಾನ ಮತ್ತು ನಡಿಗೆ ಸಾಕು. ಎತ್ತರ ಕುಗ್ಗಿದ್ದರೆ, ಬೆನ್ನು ಇತ್ತೀಚೆಗೆ ಬಾಗಿದ್ದರೆ ಎಕ್ಸ್‌ರೇ ಆಗುವವರೆಗೆ ಕೈಚಿಕಿತ್ಸೆಯೇ ಬೇಡ.

ನಿಲ್ಲಿಸುವಾಗ ಏನು ಕೇಳಿ ಪಡೆಯಬೇಕು

ಗುಣ ಕಾಣದೆ ನಿಲ್ಲಿಸುವವರು ಸುಮ್ಮನೆ ಹೋಗುವುದನ್ನು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಏನು ಕಂಡಿತು, ಎಷ್ಟು ಸಿಟ್ಟಿಂಗ್ ಆಯಿತು, ಏನೇನು ಮಾಡಿದರು ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಉಳಿದ ಸಿಟ್ಟಿಂಗ್‌ಗಳಿಗೆ ಮುಂಗಡ ಕೊಟ್ಟಿದ್ದರೆ ರಸೀದಿ ಇಟ್ಟುಕೊಂಡು ವಾಪಸ್ ಕೇಳಿ. ಆ ಹಾಳೆ, ನಿಮ್ಮ ಅಂಕಗಳ ಹಾಳೆ, ಮಾತ್ರೆ ಪಟ್ಟಿ ಮೂರನ್ನೂ ಹಿಡಿದು ಆರ್ಥೋ ಡಾಕ್ಟರ್ ಹತ್ತಿರ ಅಥವಾ ದೊಡ್ಡ ಆಸ್ಪತ್ರೆಗಳಲ್ಲಿರುವ ಫಿಸಿಕಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ಅಲ್ಲಿ ಮತ್ತೆ ಮೊದಲಿಂದ ಕಥೆ ಹೇಳುವುದು ತಪ್ಪುತ್ತದೆ, ಆಗಲೇ ಮಾಡಿ ನೋಡಿದ್ದನ್ನೇ ಮತ್ತೆ ಬರೆದುಕೊಡುವುದೂ ತಪ್ಪುತ್ತದೆ.